ದನಿ ಹೋದ ನಟನೊಡನೆ ಒಂದು ಸಂವಾದ

ಕೋವಿಡ್ ಹಾವಳಿ ಮುಗಿದು ಸಭೆ-ಸಮಾರಂಭಗಳು ಮತ್ತೆ ಶುರುವಾಗಿದ್ದ ವರ್ಷ. ಆಗ ನಾನು ಮುಂಡರಗಿಯ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿ. ನಿವೃತ್ತಿ ಹತ್ತಿರ ಬಂದಿತ್ತು. ಪಾಠದ ಜೊತೆಗೆ ನನಗೆ ಇನ್ನೊಂದು ಕಸುಬು ಅಂಟಿಕೊಂಡಿತ್ತು. ಸುತ್ತಲಿನ ಉತ್ಸವಗಳಿಗೆ ಬರುವ ಅತಿಥಿಗಳನ್ನು ವೇದಿಕೆಯ ಮೇಲೆ ಮಾತಿಗೆಳೆಯುವುದು, ಅಂದರೆ ಸಂವಾದ ನಡೆಸುವುದು. ಅತಿಥಿ ಎಲ್ಲಿ ಅರಳುತ್ತಾರೆ, ಎಲ್ಲಿ ಮುದುಡುತ್ತಾರೆ ಎಂದು ಮೊದಲೇ ತಿಳಿದುಕೊಂಡಿರಬೇಕಾದ ಕೆಲಸ ಅದು. ನನಗದು ಚೆನ್ನಾಗಿ ಬರುತ್ತಿತ್ತು ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಬೆಟಗೇರಿಯ ಚಿತ್ರೋತ್ಸವಕ್ಕೆ ಆ ಸಲ ಇಬ್ಬರು ಅತಿಥಿಗಳು. ಒಬ್ಬರು ಶಿರಹಟ್ಟಿ ಕಡೆಯ ನಟ ಗುರುಶಾಂತಪ್ಪ. ಕಂಪನಿ ನಾಟಕಗಳಲ್ಲಿ ಬೆಳೆದು ಸಿನಿಮಾಕ್ಕೆ ಹೋದವರು. ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುವ ಕಂಠ ಅವರದು. ಇನ್ನೊಬ್ಬರು ಅವರ ಹಲವು ಚಿತ್ರಗಳಿಗೆ ಚಿತ್ರಕಥೆ, ಸಂಭಾಷಣೆ ಬರೆದ ಲಕ್ಷ್ಮೇಶ್ವರದ ವಸುಧಾ. ಊರೆಲ್ಲ ಹಚ್ಚಿದ್ದ ಪೋಸ್ಟರಿನಲ್ಲಿ ‘ಗುಡುಗು ದನಿಯ ಗುರುಶಾಂತಪ್ಪ’ ಎಂದೇ ಇತ್ತು.

ಕಾರ್ಯಕ್ರಮದ ಬೆಳಿಗ್ಗೆ ಗೆಸ್ಟ್‌ಹೌಸಿಗೆ ಹೋದೆ. ನಮಸ್ಕಾರ ಮಾಡಿದರೆ ಅವರು ಉತ್ತರಿಸಿದ್ದು ಬರೀ ಉಸಿರಿನಲ್ಲಿ. ಕೊರಳಿಗೆ ಸುತ್ತಿದ್ದ ಮಫ್ಲರ್ ಸರಿಸಿ ಆಪರೇಷನ್ನಿನ ಗಾಯದ ಗುರುತು ತೋರಿಸಿದರು. ಹಿಂದಿನ ವರ್ಷವೇ ಗಂಟಲಿನ ಗಡ್ಡೆ ತೆಗೆದಿದ್ದರಂತೆ. ಕೇಳಿಸಿಕೊಳ್ಳಲು ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳಬೇಕಾಯಿತು.

“ಮೊದಲ ಒಂದ್ ಮಾತು ಹೇಳಬೇಕಿತ್ರಿ ಸರ್,” ಎಂದೆ.

“ಹೇಳಿದ್ರ ಕರೀತಿದ್ರೇನ್ರಿ?”

ಎದ್ದು ಉತ್ಸವ ಸಮಿತಿಯ ಅಧ್ಯಕ್ಷರನ್ನು ಫೋನ್ ಮಾಡಿ ಕರೆಸಿದೆ.

ಅವರು ಸುದ್ದಿ ಕೇಳಿ ಗಾಬರಿಯಾದರು. “ಬೆಳ್ಳಟ್ಟಿ, ಕುರ್ತಕೋಟಿಯಿಂದೆಲ್ಲಾ ಮಂದಿ ಬಂದೈತ್ರಿ. ಡೈಲಾಗ್ ಇಲ್ಲಾಂದ್ರ ಗದ್ಲಾ ಮಾಡ್ತಾರ. ಒಂದ್ ಶಾಲು ಹೊದಿಸಿ, ಹಳೇ ಸಿನಿಮಾ ತುಣುಕು ತೋರಿಸಿ ಮುಗಿಸೂಣು.”

ಗುರುಶಾಂತಪ್ಪನವರ ಮುಖ ಕಪ್ಪಿಟ್ಟಿತು. “ಶಾಲು ಹೊದಿಸಿಕೊಳ್ಳಾಕ ಬಂದಿಲ್ರಿ ನಾ. ಈಗ ಜಲ್ದಿ ಗಾಡಿ ತರಸ್ರಿ, ಹೋಗಿಬಿಡ್ತೇನಿ.”

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ವಸುಧಾ ಆಗ ಅವರತ್ತ ತಿರುಗಿದರು. “ಕಾಕಾ, ಅಣ್ಣನ ಮನೀಗೆ ಊಟಕ್ಕ ಬರೂ ಸೀನ್ ನೆನಪೈತಿ? ನಾ ಮೊದಲ ಬರದಾಗ ಅದರಾಗ ಒಂದೂ ಮಾತಿರಲಿಲ್ಲ. ಇಂಥಾ ದನಿ ಇಟ್ಕೊಂಡು ಸುಮ್ನ ಕುಂಡ್ರಸ್ತೀರೇನು ಅಂತ ಡೈರೆಕ್ಟರು ಹಟಾ ಹಿಡದ್ರು. ಪುಟಗಟ್ಲೆ ಮಾತು ತುರುಕಿದೆ. ನನಗ ಅದು ಇನ್ನೂ ಸಮಾಧಾನಿಲ್ಲ.”

ಮುದುಕರು ಅವರನ್ನೇ ನೋಡಿದರು. “ಆವಾಗ ಹೇಳಬೇಕಿತ್ತವ್ವಾ. ಅಷ್ಟು ಬಾಯಿಪಾಠ ಮಾಡೂದರ ತಪ್ಪತಿತ್ತು!”

ಮೂವರೂ ನಕ್ಕೆವು. ಅಧ್ಯಕ್ಷರು ನಗಲಿಲ್ಲ. “ಆ ಸೀನ್ ಇವತ್ತ ಮಾತಿಲ್ದ ಆಡಸೂಣ್ರಿ, ಜವಾಬ್ದಾರಿ ನಂದು,” ಎಂದು ಅವರನ್ನು ಒಪ್ಪಿಸಿದೆ. ಸಭೆಗೆ ವಿಷಯವನ್ನು ನಾನೇ ತಿಳಿಸಲೇ ಎಂದಾಗ ಗುರುಶಾಂತಪ್ಪ, “ಹೇಳ್ರಿ. ಆದ್ರ ಅಯ್ಯೋ ಪಾಪ ಅನ್ನಸಬ್ಯಾಡ್ರಿ,” ಎಂದರು.

ಸಭಾಂಗಣ ತುಂಬಿತ್ತು. ಅವರು ವೇದಿಕೆ ಹತ್ತುತ್ತಿದ್ದಂತೆ ಹಿಂದಿನಿಂದ “ಡೈಲಾಗ್ ಹೊಡೀರಿ!” ಎಂಬ ಕೂಗು, ಸಿಳ್ಳೆ. ನಾನು ಮೈಕ್ ಹಿಡಿದು ಸುತ್ತುಬಳಸದೆ ಹೇಳಿದೆ: ಗುರುಶಾಂತಪ್ಪನವರ ದನಿ ಕಾಯಿಲೆಯಲ್ಲಿ ಹೋಗಿದೆ, ನಟನೆ ಹೋಗಿಲ್ಲ, ಇವತ್ತು ಅವರು ಒಂದು ದೃಶ್ಯ ಆಡುತ್ತಾರೆ. ಸಭೆ ಗುಜುಗುಜು ಎಂದಿತು. ಮುಂದಿನ ಸಾಲಿನಿಂದ ಒಂದಿಬ್ಬರು ಎದ್ದು ಹೊರಟರು.

ಚಿತ್ರಕಥೆಯಲ್ಲಿ ಪಾತ್ರ ಆಡುವ ಮಾತಷ್ಟೇ ಇರುವುದಿಲ್ಲ. ಕೈ ಎಲ್ಲಿ ತಡೆಯಿತು, ಕಣ್ಣು ಎತ್ತ ಹೊರಳಿತು ಎಂಬ ವಿವರವೂ ಇರುತ್ತದೆ. ಅದಕ್ಕೆ ‘ಆಕ್ಷನ್’ ಎನ್ನುತ್ತಾರೆ. ಪ್ರೇಕ್ಷಕರ ಕಿವಿಗೆ ಅದು ಎಂದೂ ಬೀಳುವುದಿಲ್ಲ. ವಸುಧಾ ಅದನ್ನು ನೆನಪಿನಿಂದಲೇ ಹೇಳತೊಡಗಿದರು. “ತಾಯಿ ಸತ್ತ ಮೇಲೆ ಹೊಲದ ಜಗಳದಿಂದ ಅಗಲಿದ್ದ ತಮ್ಮ, ಬಹಳ ವರ್ಷಗಳ ಮೇಲೆ ಅಣ್ಣನ ಮನೆಯಲ್ಲಿ ಊಟಕ್ಕೆ ಕೂರುತ್ತಾನೆ. ಅತ್ತಿಗೆ ರೊಟ್ಟಿ ಬಡಿಸುತ್ತಾಳೆ. ಅವನು ಮುರಿಯುತ್ತಾನೆ...”

ಗುರುಶಾಂತಪ್ಪ ಬರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಎದುರಿಗೆ ತಟ್ಟೆಯಿರಲಿಲ್ಲ, ರೊಟ್ಟಿಯಿರಲಿಲ್ಲ. ಬೆರಳಿನಿಂದ ಮುರಿದ ತುತ್ತನ್ನು ಬಾಯಿಗಿಟ್ಟು ಅಗಿದರು, ದವಡೆ ನಿಂತಿತು. ಸತ್ತುಹೋದ ತಾಯಿಯ ಕೈರುಚಿ ಅತ್ತಿಗೆಯ ಕೈಯಲ್ಲಿ ಉಳಿದಿದೆ ಎಂಬುದನ್ನು ಅವರ ಮುಖ ಹೇಳಿತು. ಅಣ್ಣ ಕೂತಿರಬೇಕಾದ ಕಡೆ ನೋಡಲು ಹೋಗಿ, ನೋಡಲಾರದೆ ತಲೆ ತಗ್ಗಿಸಿದರು. ವಸುಧಾ ಯಾವಾಗಲೋ ಹೇಳುವುದನ್ನು ನಿಲ್ಲಿಸಿದ್ದರು. ಹೊರಟಿದ್ದವರು ಬಾಗಿಲಲ್ಲೇ ನಿಂತಿದ್ದರು.

ದೃಶ್ಯ ಮುಗಿಯಿತು. ಆಮೇಲೆ ನಡುಸಾಲಿನಿಂದ ಒಬ್ಬ ಹಿರಿಯರು, ಹಳೆಯ ಕಂಪನಿ ನಾಟಕಗಳಲ್ಲಿ ಕೂಗುತ್ತಿದ್ದ ಹಾಗೆ, “ಒನ್ಸ್ ಮೋರ್!” ಎಂದರು. ಸಭೆಯೆಲ್ಲ ದನಿಗೂಡಿಸಿತು.

ಗುರುಶಾಂತಪ್ಪ ಮಫ್ಲರಿನಿಂದ ಕಣ್ಣೊರೆಸಿಕೊಂಡು ಮತ್ತೆ ಕೂತರು. ಎರಡನೆಯ ಸಲ ತಲೆ ತಗ್ಗಿಸಲಿಲ್ಲ. ಒಂದು ತುತ್ತು ಮುರಿದು ಅಣ್ಣನ ಬಾಯಿಗೆ ಹಿಡಿದರು. ಅದು ವಸುಧಾ ಬರೆದದ್ದಲ್ಲ. ಆಕೆ ನನ್ನ ಕಿವಿಯಲ್ಲಿ, “ಇದು ನನಗ ಹೊಳೀಲಿಲ್ಲ ನೋಡ್ರಿ,” ಎಂದರು.

ಅಂದಿನಿಂದ ಅತಿಥಿಗಳನ್ನು ಕರೆಯುವಾಗ, ಅವರು ಹಿಂದೆ ಏನು ಮಾಡಿದ್ದರು ಎಂದು ವಿಚಾರಿಸಿ ಸುಮ್ಮನಾಗುವುದನ್ನು ಬಿಟ್ಟೆ. “ಈಗ ನಿಮಗ ಏನ್ ಮಾಡಾಕ ಮನಸೈತ್ರಿ?” ಎಂದು ಕೇಳುತ್ತೇನೆ. ಹೆಚ್ಚಿನವರು “ಏನಂದ್ರಿ?” ಎಂದು ಮತ್ತೊಮ್ಮೆ ಕೇಳುತ್ತಾರೆ. ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರುವುದಿಲ್ಲ.