ಪೆಟ್ರೋಲ್ ಟ್ಯಾಂಕಿನೊಳಗೆ ತುಳಸಿ

ನಮ್ಮ ಮೇಸ್ತ್ರಿಯ ಬಲಗಿವಿ ಸದಾ ಕಪ್ಪಗಿರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಆ ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿದರೆಂದರೆ ಯಾರೂ ಪಿಟ್ಟೆನ್ನುವಂತಿರಲಿಲ್ಲ. "ಸುಮ್ಕಿರಿ, ಅದು ಹೇಳ್ತಾ ಐತೆ," ಎಂದು ಗದರುತ್ತಿದ್ದರು. ಹಳೇಬೀಡಿನ ರಸ್ತೆಬದಿಯಲ್ಲಿ ಗಾಡಿ ರಿಪೇರಿಯ ಒಂದು ತಗಡಿನ ಶೆಡ್ಡು, ಅದರಲ್ಲಿ ಅವರೊಬ್ಬರೇ.

ನಾನು ಅಲ್ಲಿಗೆ ಹೋದದ್ದು ಅಪ್ಪನ ಕಾರಿನ ದೆಸೆಯಿಂದ. ಬೇಲೂರಿನಲ್ಲಿ ದೇವಸ್ಥಾನದ ಕೆಲಸದಲ್ಲಿದ್ದ ಅಪ್ಪ ಆಸೆಪಟ್ಟು ಕಾರು ಕೊಂಡರು, ಓಡಿಸಲು ಹೆದರಿದರು. ಹದಿನೈದು ವರ್ಷದಲ್ಲಿ ಅದು ಓಡಿದ್ದು ಒಂಬತ್ತು ಸಾವಿರ ಕಿಲೋಮೀಟರು, ಅಷ್ಟೇ. ಅಪ್ಪ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಆರ್‌ಸಿ ಅವಧಿ ಮುಗಿಯಲು ಒಂದೇ ತಿಂಗಳಿತ್ತು.

"ಆರ್‌ಟಿಓ ಆಫೀಸಲ್ಲಿ ಪಾಸಾದ್ರೆ ಇಟ್ಕೋ, ಇಲ್ದಿದ್ರೆ ಗುಜರಿಗೆ ಹಾಕು. ಹೇಗೂ ನಿಂಗೆ ಓಡಿಸೋ ಧೈರ್ಯ ಇಲ್ಲ," ಎಂದ ಅಣ್ಣ. ನನಗೆ ಮೈಯೆಲ್ಲ ಉರಿಯಿತು. ಲೈಸೆನ್ಸ್ ಮಾಡಿಸಿಯೂ ಸ್ಟೀರಿಂಗ್ ಮುಟ್ಟದೆ ಕೂತಿದ್ದೆ, ನಿಜ. ಅದನ್ನು ಅವನು ಹೇಳಬೇಕೆ?

ಸ್ಟಾರ್ಟೇ ಆಗದ ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಹಳೇಬೀಡಿಗೆ ಎಳೆಸಿಕೊಂಡು ಹೋದೆ. "ಹೊಸದೇ ಮೇಸ್ತ್ರೀ, ಓಡೇ ಇಲ್ಲ," ಎಂದು ಜಂಬದಿಂದ ಹೇಳಿದೆ.

"ಅದೇ ಕಣ್ರೀ ಮೇಡಮ್ಮೋರೆ ಕಾಯ್ಲೆ. ಓಡಿ ಕೆಟ್ಟಿದ್ರೆ ಅರ್ಧ ದಿನದ ಕೆಲ್ಸ. ಇದು ಕೂತು ಕೂತು ಕೆಟ್ಟೈತೆ."

ಟೈರು ನೋಡಲು ಹೊಸದು, ಬಗ್ಗಿ ನೋಡಿದರೆ ಬಿರುಕು. ಬ್ರೇಕು ಕಚ್ಚಿಕೊಂಡಿತ್ತು. ರಬ್ಬರ್ ಪೈಪುಗಳು ಮುಟ್ಟಿದರೆ ಪುಡಿ. ಎಲ್ಲ ಬದಲಾಯಿಸಿದರೂ ಇಂಜಿನ್ನು ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ನಾಲ್ಕನೆಯ ದಿನ ಮೇಸ್ತ್ರಿ ಟ್ಯಾಂಕನ್ನೇ ಕೆಳಗಿಳಿಸಿ, ಇದ್ದದ್ದನ್ನೆಲ್ಲ ಗಾಜಿನ ಸೀಸೆಗೆ ಬಗ್ಗಿಸಿದರು. ಮೇಲೆ ಪೆಟ್ರೋಲು, ತಳದಲ್ಲಿ ಎರಡು ಬೆರಳು ತುಕ್ಕುನೀರು. ಅದರಲ್ಲೊಂದು ತುಳಸಿ ಕುಡಿ!

ಹಣೆ ಚಚ್ಚಿಕೊಂಡೆ. ಪ್ರತಿ ಆಯುಧಪೂಜೆಗೂ ಅಪ್ಪ ಕಾರಿಗೆ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಟ್ಯಾಂಕಿನ ಮುಚ್ಚಳ ತೆಗೆದು ಉದ್ಧರಣೆಯಲ್ಲಿ ಮೂರು ಸಲ ತುಳಸಿ ತೀರ್ಥ ಬಿಡುತ್ತಿದ್ದರು. ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿರುತ್ತಿದ್ದವಳು ನಾನೇ.

ವಿಷಯ ಕೇಳಿ ಮೇಸ್ತ್ರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಆ ಕುಡಿಯನ್ನು ಕಣ್ಣಿಗೊತ್ತಿ, ಕಪ್ಪು ಕಿವಿಯ ಮೇಲಿಟ್ಟುಕೊಂಡರು. "ಹಿರೀಕ್ರು ಭಕ್ತಿಯಿಂದ ಕೊಟ್ಟಿದ್ದು. ಬಿಸಾಕಕ್ಕಾಯ್ತದಾ?"

ಟ್ಯಾಂಕು ತೊಳೆದು ಎರಡು ದಿನ ಬಿಸಿಲಿಗಿಟ್ಟರು. ಮೂರನೆಯ ದಿನ ಇಂಜಿನ್ನು ಒಂದೇ ಏಟಿಗೆ ಸ್ಟಾರ್ಟಾಯಿತು. ನಾನು ಕುಣಿಯುವುದೊಂದು ಬಾಕಿ. ಮೇಸ್ತ್ರಿ ಇಳಿದು ಬಾಗಿಲು ತೆರೆದು ಹಿಡಿದರು.

"ಅರಸೀಕೆರೆ ತಂಕ ಹೋಗ್ ಬನ್ನಿ. ಒಬ್ರೇ."

"ಅಯ್ಯೋ, ನೀವೂ ಬನ್ನಿ ಮೇಸ್ತ್ರೀ!"

"ಮತ್ತೆ ಮನೇಲಿ ನಿಲ್ಸೋದಾದ್ರೆ ನಾನ್ಯಾಕೆ ಇಷ್ಟೊಂದು ಮಸಿ ಬಳ್ಕಂಡೆ? ಹೋಗಿ ಹೋಗಿ."

ಜಾವಗಲ್ಲಿನಲ್ಲಿ ಎರಡು ಸಲ ಗಾಡಿ ಆಫ್ ಮಾಡಿಕೊಂಡೆ. ಹಿಂದಿನ ಲಾರಿಯವನು ಬೈದ, ನಾನೂ ಬಿಡಲಿಲ್ಲ. ಅರಸೀಕೆರೆಯಲ್ಲಿ ರಾಣಿಯ ಹಾಗೆ ಕೂತು ಕಾಫಿ ಕುಡಿದು ತಿರುಗಿ ಬಂದೆ. ಮೇಸ್ತ್ರಿ ರಸ್ತೆಯಲ್ಲೇ ಕಾಯುತ್ತಿದ್ದರು. ನನ್ನನ್ನು ಕೇಳುವ ಬದಲು ಇಂಜಿನ್ನಿಗೆ ಸ್ಕ್ರೂಡ್ರೈವರ್ ಆನಿಸಿ ಕೇಳಿಸಿಕೊಂಡು, "ಖುಷಿಯಾಗೈತೆ," ಎಂದರು.

ಕಾರು ಪಾಸಾಯಿತು. ಅಣ್ಣನ ಮನೆ ಮುಂದೆ ನಿಲ್ಲಿಸಿ, ಬೀದಿಯೆಲ್ಲ ಹೊರಬರುವಂತೆ ಹಾರನ್ ಒತ್ತಿದೆ. ಅವನನ್ನು ಕೂರಿಸಿಕೊಂಡು ಊರು ಸುತ್ತಿಸಿದೆ, ಕಿಟಕಿಯ ಮೇಲಿನ ಹಿಡಿಯನ್ನು ಅವನು ಬಿಡಲೇ ಇಲ್ಲ.

ಮೇಸ್ತ್ರಿ ಹೋಗಿ ಎರಡು ವರ್ಷವಾಯಿತು. ಮಣ್ಣಿಗೆ ನಾನೇ ಕಾರು ಓಡಿಸಿಕೊಂಡು ಹೋಗಿದ್ದೆ. ಮೈ ತೊಳೆದು ಮಲಗಿಸಿದ್ದರು, ಬಲಗಿವಿ ಮಾತ್ರ ಕಪ್ಪಗೇ ಇತ್ತು. ಅಲ್ಲೇ ಗಟ್ಟಿಯಾಗಿ ಅತ್ತುಬಿಟ್ಟೆ.

ಈ ಸಲದ ಆಯುಧಪೂಜೆಗೆ ಕಾರಿನ ಮೀಟರು ನಲವತ್ತು ಸಾವಿರ ದಾಟಿತ್ತು. ಟ್ಯಾಂಕಿನ ಮುಚ್ಚಳ ಮುಟ್ಟಲಿಲ್ಲ. ತುಳಸಿಯನ್ನು ಬಲಗಿವಿಗಿಟ್ಟುಕೊಂಡು ಹಳೇಬೀಡಿಗೆ ಓಡಿಸಿದೆ. ಮುಚ್ಚಿದ ಆ ಶೆಡ್ಡಿನ ಮುಂದೆ ಇಂಜಿನ್ ಆರಿಸದೆ ಐದು ನಿಮಿಷ ನಿಂತೆ, ಅವರಿಗೆ ಕೇಳಿಸಲಿ ಎಂದು.