ಸಮಾಜಶಾಸ್ತ್ರ ವಿಭಾಗದ ಬೌದ್ಧರು

ಅಪ್ಪ ಅಜ್ಜಂಪುರದಲ್ಲಿ ಲೈನ್‌ಮನ್ ಆಗಿದ್ದರು. ನಾನು ಹುಟ್ಟುವ ಮೊದಲೇ ಅಪ್ಪ, ಅಮ್ಮ ಇಬ್ಬರೂ ದೀಕ್ಷೆ ತೆಗೆದುಕೊಂಡು ಬೌದ್ಧರಾಗಿದ್ದರು. ಊರಿನವರ ಬಾಯಲ್ಲಿ ನಮ್ಮ ಜಾತಿಯ ಹೆಸರೇನೂ ಬದಲಾಗಲಿಲ್ಲ. ತಮ್ಮ ಕಂಬ ಹತ್ತಿ ಕರೆಂಟು ಕೊಟ್ಟವನ ಬೊಗಸೆಗೆ ಕುಡಿಯುವ ನೀರನ್ನು ಮೇಲಿಂದ ಸುರಿಯುವವರು ಆಮೇಲೂ ಮೇಲಿಂದಲೇ ಸುರಿದರು. ಆದರೆ ಹುಣ್ಣಿಮೆಯ ಸಂಜೆ ಕಡೂರು, ತರೀಕೆರೆಯಿಂದ ನಾಲ್ಕಾರು ಕುಟುಂಬಗಳು ನಮ್ಮ ಮನೆಗೆ ಬರುತ್ತಿದ್ದವು. ಪಾಲಿ ಭಾಷೆಯ ವಂದನೆಗಳನ್ನು ಎಲ್ಲರೂ ಒಟ್ಟಿಗೆ ಹೇಳುತ್ತಿದ್ದೆವು. ಕನ್ನಡ ಲಿಪಿಯಲ್ಲಿ ಬರೆದುಕೊಂಡ ಆ ಸಾಲುಗಳ ಅರ್ಥ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ.

"ಇದನ್ನ ನಮ್ಮೋರಲ್ಲೇ ಯಾರಾದ್ರೂ ಒಬ್ರು ಸರಿಯಾಗಿ ಓದ್ಬೇಕು ಕಣಮ್ಮ" ಎಂದು ಅಪ್ಪ ನನಗೆ ಹೇಳುತ್ತಿದ್ದರು.

ನಾನು ಓದಿದೆ. ಎಂ.ಎ. ಮಾಡುವಾಗ ಪಾಲಿ ಕಲಿತೆ. ಆ ವಿಷಯದಲ್ಲಿ ಯಾವ ಪುಸ್ತಕ ತೆರೆದರೂ ಅಡಿಟಿಪ್ಪಣಿಗಳಲ್ಲಿ ಜಪಾನಿನ ವಿದ್ವಾಂಸರೇ ಸಿಗುತ್ತಿದ್ದರು. ಮೊಬೈಲಿನಲ್ಲಿ ಪಾಠ ಕೇಳಿ ಜಪಾನೀ ಭಾಷೆ ಕಲಿತೆ. ಅಲ್ಲಿನ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ನಾನು ಹೊರಟ ದಿನ ಕಡೂರಿನ ರೈಲ್ವೆ ಸ್ಟೇಷನ್ನಿಗೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. "ಅದು ಬೌದ್ಧರ ದೇಶ. ಅಲ್ಲಿ ನೀನು ಹೊರಗಿನೋಳಲ್ಲ" ಎಂದರು. ನಾನೂ ಹಾಗೆಯೇ ನಂಬಿದ್ದೆ.

ಅಲ್ಲಿ ವಿದೇಶದಿಂದ ಬಂದವರನ್ನು ಮೊದಲು ಸಂಶೋಧನಾ ವಿದ್ಯಾರ್ಥಿ ಎಂದು ಸೇರಿಸಿಕೊಳ್ಳುತ್ತಾರೆ. ಪ್ರವೇಶ ಪರೀಕ್ಷೆ ಪಾಸಾದ ಮೇಲಷ್ಟೇ ಸ್ನಾತಕೋತ್ತರ ತರಗತಿ. ನನ್ನ ಪ್ರೊಫೆಸರರು ಮೆಲುದನಿಯವರು, ಒಮ್ಮೆಯೂ ಗದರಿದವರಲ್ಲ. ಅವರ ಕೋಣೆಯಲ್ಲಿ ಮೇಜಿನ ಸುತ್ತ ಕುಳಿತು ಹಸ್ತಪ್ರತಿಯ ಒಂದೊಂದು ಪದವನ್ನೂ ಜಗಿಯುತ್ತಿದ್ದೆವು. ಒಂದು ದೀರ್ಘ ಹ್ರಸ್ವವಾದರೆ ಇಡೀ ತರಗತಿ ಅದರಲ್ಲೇ ಮುಗಿಯುತ್ತಿತ್ತು. ಅದು ನನಗೆ ನಿಜಕ್ಕೂ ಹಿಡಿಸಿತ್ತು.

ಪ್ರವೇಶ ಪರೀಕ್ಷೆಯ ಸಂದರ್ಶನದಲ್ಲಿ, ಈ ವಿಷಯವನ್ನೇ ಯಾಕೆ ಆರಿಸಿಕೊಂಡೆ ಎಂದು ಕೇಳಿದರು. ನಾವು ಮನೆಯಲ್ಲಿ ಬೌದ್ಧರು, ಈ ಸಾಲುಗಳನ್ನು ಹೇಳುತ್ತಲೇ ಬೆಳೆದೆ ಎಂದೆ. ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಪರೀಕ್ಷಕರಿಗೆ ಆಶ್ಚರ್ಯವಾಯಿತು.

"ಭಾರತದಲ್ಲಿ ಈಗಲೂ ಬೌದ್ಧರು ಇದ್ದಾರೆಯೇ?"

ಉತ್ತರ ಕೊಟ್ಟವರು ನಮ್ಮ ಪ್ರೊಫೆಸರರು. "ಇಲ್ಲ, ಬೌದ್ಧಧರ್ಮ ಅಲ್ಲಿ ಎಂದೋ ಅಳಿದುಹೋಗಿದೆ. ಇವರು ಹೇಳುತ್ತಿರುವುದು ಇತ್ತೀಚಿನ ಒಂದು ಸಾಮಾಜಿಕ ಚಳವಳಿ. ಅದನ್ನು ಸಮಾಜಶಾಸ್ತ್ರ ವಿಭಾಗದವರು ಅಧ್ಯಯನ ಮಾಡುತ್ತಾರೆ."

ನಗುತ್ತಲೇ ಹೇಳಿದರು, ನನ್ನನ್ನು ಕಷ್ಟದ ಪ್ರಶ್ನೆಯೊಂದರಿಂದ ಪಾರುಮಾಡಿದವರ ಹಾಗೆ. ನಾನು ಅಲ್ಲೇ, ಅವರ ಎದುರಿಗೇ ಕುಳಿತಿದ್ದೆ. ಪರೀಕ್ಷೆ ಪಾಸಾಯಿತು.

ಆ ಭಾನುವಾರ ಅಪ್ಪ ಫೋನಿನಲ್ಲಿ ಕೇಳಿದರು.

"ನಮ್ ವಿಷ್ಯ ಹೇಳ್ದೇನಮ್ಮ ಅವ್ರಿಗೆ?"

"ಹೇಳ್ದೆ ಅಪ್ಪ."

"ಏನಂದ್ರು?"

"ಖುಷಿಪಟ್ರು."

ಅಪ್ಪ ಅದನ್ನು ಫೋನಿನಿಂದ ಮುಖ ತಿರುಗಿಸಿ ಅಮ್ಮನಿಗೆ ಜೋರಾಗಿ ಹೇಳಿದ್ದು ನನಗೂ ಕೇಳಿಸಿತು.

ತರಗತಿಯಲ್ಲಿ ನನ್ನೊಂದಿಗೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದವನು ಒಬ್ಬನೇ. ಅವನು ಬುದ್ಧ ದೇವಾಲಯವೊಂದರ ಅರ್ಚಕರ ಹಿರಿಯ ಮಗ. ಪ್ರೊಫೆಸರರ ಕೈಬರಹ ನನಗೆ ಓದಲಾಗದಿದ್ದಾಗ ಓದಿ ಹೇಳುತ್ತಿದ್ದ, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮೀನಿಲ್ಲದ ಊಟ ಯಾವುದೆಂದು ತೋರಿಸುತ್ತಿದ್ದ. ಬೇಸಿಗೆಯಲ್ಲಿ ಅಲ್ಲಿ ನಮ್ಮ ಪಿತೃಪಕ್ಷದಂಥ ಹಬ್ಬ. ತನ್ನ ಅಪ್ಪನಿಗೆ ನೆರವಾಗಲು ಊರಿಗೆ ಹೊರಟವನು ನನ್ನನ್ನೂ ಕರೆದ.

ಅವನ ತಾಯಿ ನನಗಾಗಿ ಸೊಪ್ಪು, ಗಡ್ಡೆಗಳ ಅಡುಗೆ ಮಾಡಿ ಬಡಿಸಿದರು. ಅವನು ಕಪ್ಪು ನಿಲುವಂಗಿ ತೊಟ್ಟು ಮನೆಮನೆಗೆ ಹೋಗಿ ಸೂತ್ರ ಓದಿದ. ನಾನು ಹಿಂದೆ ಕುಳಿತು ಕೈಮುಗಿದೆ. ಹಿಂತಿರುಗುವಾಗ ಕಾರಿನಲ್ಲಿ ಹೇಳಿದ: "ನನಗೆ ಇದರಲ್ಲಿ ನಂಬಿಕೆಯೇನೂ ಇಲ್ಲ. ಆದರೆ ಈ ದೇವಾಲಯ ನಮ್ಮ ವಂಶದ್ದು. ನಾನು ಒಪ್ಪಿಕೊಳ್ಳದಿದ್ದರೆ ಅಪ್ಪ, ಅಮ್ಮ ಮನೆ ಖಾಲಿ ಮಾಡಬೇಕಾಗುತ್ತದೆ."

ಹುಟ್ಟಿನಿಂದ ಅರ್ಚಕ! ನನಗೆ ನಗು ಬಂತು. ಏನೂ ತಿಳಿಯದೆ ಅವನೂ ನಕ್ಕ.

ಮರುದಿನ ಬೆಳಗ್ಗೆ ದೇವಾಲಯದ ಹಿಂದಿನ ಸ್ಮಶಾನದಲ್ಲಿ ಸಮಾಧಿ ಕಲ್ಲುಗಳನ್ನು ತೊಳೆಯಲು ಇಬ್ಬರೂ ಬಕೆಟ್ ಹಿಡಿದು ಹೋದೆವು. ಅಲ್ಲಿ ಸತ್ತವರಿಗೆ ಅರ್ಚಕರು ಹೊಸದೊಂದು ಹೆಸರಿಡುತ್ತಾರೆ, ಅದನ್ನೇ ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಬಿದಿರು ಮೆಳೆಯ ಆಚೆ ಗೋಡೆಗೆ ಮುಖ ಮಾಡಿಸಿ ಇಟ್ಟ ಕೆಲವು ಸಣ್ಣ ಕಲ್ಲುಗಳಿದ್ದವು. ಒಂದು ಮಗುಚಿ ಬಿದ್ದಿತ್ತು. ನೀರು ಹಾಕಿ ಬ್ರಷ್ಷಿನಿಂದ ಉಜ್ಜಿದೆ. ಪಾಚಿ ಹೋದಂತೆ ಅಕ್ಷರಗಳು ಎದ್ದುಬಂದವು. ಆ ಲಿಪಿಯಲ್ಲಿ ಒಂದೊಂದು ಅಕ್ಷರವೂ ಒಂದು ಪದ; ಅದರಲ್ಲೊಂದು ನನಗೆ ಚೆನ್ನಾಗಿ ಗೊತ್ತಿದ್ದ ಅಕ್ಷರ. ಪಶು ಎಂದು ಅದರ ಅರ್ಥ.

"ಮನುಷ್ಯರ ಹೆಸರಿನಲ್ಲಿ ಇದು ಯಾಕಿದೆ?" ಎಂದು ಕೇಳಿದೆ.

ಅವನು ಬಕೆಟ್ ಕೆಳಗಿಟ್ಟ. ಮುಖದ ನಗು ಹೋಗಿತ್ತು. "ಹೊಳೆಯ ಆಚೆ ಚರ್ಮದ ಕೆಲಸದವರ ಕೇರಿ ಇತ್ತು. ಅವರ ಕಲ್ಲುಗಳಿವು. ಇದೆಲ್ಲ ಬಹಳ ಹಿಂದಿನದು. ಅಪ್ಪನ ಹತ್ತಿರ ದಯವಿಟ್ಟು ಕೇಳಬೇಡ."

ನಮ್ಮ ಮುತ್ತಾತ ಅಜ್ಜಂಪುರದ ಸುತ್ತಲ ಹಳ್ಳಿಗಳಲ್ಲಿ ಸತ್ತ ದನ ಹೊತ್ತು, ಸುಲಿದು ಬದುಕಿದವರು. ಅವನಿಗೆ ನಾನು ಅದನ್ನು ಹೇಳಲಿಲ್ಲ. ಕಲ್ಲನ್ನು ಪೂರ್ತಿ ತೊಳೆದೆ. ನಮ್ಮೂರಿನವರು ಬಾಯಲ್ಲಿ ಅಂದಿದ್ದು ಗಾಳಿಗೆ ಹೋಗುತ್ತಿತ್ತು. ಇಲ್ಲಿ ಬುದ್ಧನ ಹೆಸರು ಹೇಳುವವರೇ, ಸತ್ತ ಮೇಲೂ ತಪ್ಪಿಸಿಕೊಳ್ಳಬಾರದೆಂದು ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದರು. ಅಪ್ಪ ನನ್ನನ್ನು ಕಳಿಸಿದ್ದು ಈ ದೇಶಕ್ಕೆ.

ರಜೆ ಮುಗಿದ ಮೇಲೆ ಪ್ರೊಫೆಸರರ ಕೋಣೆಗೆ ಹೋಗಿ, ಪ್ರಬಂಧದ ವಿಷಯ ಬದಲಿಸಬೇಕೆಂದಿದ್ದೇನೆ ಎಂದೆ. ಸತ್ತವರಿಗೆ ಇಟ್ಟ ಇಂಥ ಹೆಸರುಗಳ ಬಗ್ಗೆ, ಅದರ ಜೊತೆಗೆ ನಮ್ಮ ಕಡೆ ಜನ ಬೌದ್ಧರಾದ ಬಗೆಯ ಬಗ್ಗೆ ಬರೆಯುತ್ತೇನೆ ಎಂದೆ. ಅವರು ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡರು.

"ಅದು ಸ್ವಲ್ಪ…"

ಆ ಭಾಷೆಯಲ್ಲಿ ವಾಕ್ಯ ಅಲ್ಲಿಗೇ ಮುಗಿಯುತ್ತದೆ, ಆಗುವುದಿಲ್ಲ ಎಂದೇ ಅದರ ಅರ್ಥ. ಆಮೇಲೆ ನನ್ನ ಪಾಲಿ ಎಷ್ಟು ಚೆನ್ನಾಗಿದೆ ಎಂದು ಹೊಗಳಿದರು. ಅದನ್ನು ವ್ಯರ್ಥ ಮಾಡಿಕೊಳ್ಳಬಾರದು ಎಂದರು. ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ನನ್ನ ಸ್ನೇಹಿತನಿಗೆ ಸುದ್ದಿ ಅದಾಗಲೇ ಮುಟ್ಟಿತ್ತು. ಮೆಟ್ಟಿಲ ಬಳಿ ಕಾದಿದ್ದ. "ನೀನು ಬರೆದರೆ ಯಾವ ದೇವಾಲಯ ಎಂದು ಎಲ್ಲರೂ ಹುಡುಕುತ್ತಾರೆ. ನಮ್ಮ ಮನೆಯಲ್ಲಿ ಉಂಡವಳಲ್ಲವೇ ನೀನು?" ಎಂದ.

"ನಿಮ್ಮ ಮನೆಯ ಹೆಸರು ಎಲ್ಲೂ ಬರುವುದಿಲ್ಲ."

"ಆದರೂ."

ಆ ದಿನದಿಂದ ಕ್ಯಾಂಟೀನಿನಲ್ಲಿ ಅವನು ಬೇರೆ ಮೇಜಿನಲ್ಲಿ ಕುಳಿತ. ಎದುರು ಸಿಕ್ಕಾಗ ತಲೆಬಾಗಿ ನಮಸ್ಕರಿಸುತ್ತಿದ್ದ, ಮೊದಲಿಗಿಂತ ಇನ್ನಷ್ಟು ಕೆಳಕ್ಕೆ.

ನಾನು ಹಟ ಹಿಡಿಯಲಿಲ್ಲ. ವೀಸಾ, ವಿದ್ಯಾರ್ಥಿವೇತನ, ಹಾಸ್ಟೆಲ್ಲಿನ ಕೋಣೆ ಎಲ್ಲದಕ್ಕೂ ಪ್ರೊಫೆಸರರ ಒಪ್ಪಿಗೆ ಬೇಕಿತ್ತು. ಒಂದು ಗ್ರಂಥದ ಪಾಠಾಂತರಗಳನ್ನು ಹೋಲಿಸಿ ಅವರು ಬಯಸಿದಂಥ ಪ್ರಬಂಧ ಬರೆದೆ. ಬಹಳ ನಿಖರವಾಗಿದೆ ಎಂದು ಎಲ್ಲರೂ ಮೆಚ್ಚಿದರು. ಪ್ರೊಫೆಸರರನ್ನು ಪಿಎಚ್.ಡಿ.ಗೆ ಶಿಫಾರಸು ಕೇಳಿದಾಗ, ನಿವೃತ್ತಿ ಹತ್ತಿರವಾಯಿತು, ಇನ್ನು ಹೊಸಬರನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಆ ವಸಂತದಲ್ಲೇ ನನ್ನ ಸ್ನೇಹಿತ ಅವರ ಕೈಕೆಳಗೆ ಪಿಎಚ್.ಡಿ.ಗೆ ಸೇರಿದ.

ವಾಪಸು ಬಂದು ಇಲ್ಲಿ ಒಂದು ಅಧ್ಯಾಪಕ ಹುದ್ದೆಗೆ ಸಂದರ್ಶನಕ್ಕೆ ಹೋದೆ. ಸಮಿತಿಯವರೊಬ್ಬರು ನನ್ನ ಫೈಲನ್ನು ತಿರುವಿ ನೋಡಿ ನಕ್ಕರು. "ಜಪಾನಿಗೆ ಹೋಗಿ ಪಾಲಿ ಓದಿದ್ರಾ? ಅದಿರ್ಲಿ, ಯಾವ ಕೆಟಗರಿ ನೀವು?" ಹೇಳಿದೆ. "ಓಹೋ" ಎಂದರು. ಆಮೇಲೆ ಪಾಲಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಈಗ ತರೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ, ಅಡಿಕೆ ಮಂಡಿಯೊಂದರ ಮೇಲಿನ ಕೋಣೆಯಲ್ಲಿ ಜಪಾನೀ ಭಾಷೆ ಕಲಿಸುತ್ತೇನೆ. ಅಲ್ಲಿನ ವೃದ್ಧಾಶ್ರಮಗಳಿಗೆ ಕೆಲಸಕ್ಕೆ ಹೋಗುವ ನರ್ಸಿಂಗ್ ಓದಿದ ಹುಡುಗಿಯರು ನನ್ನ ವಿದ್ಯಾರ್ಥಿನಿಯರು. ಮಗ್ಗುಲು ಹೊರಳಿಸುವುದು, ಮೈ ಒರೆಸುವುದು, ಮೂತ್ರಕ್ಕೆ ಹೋಗಬೇಕೇ ಎಂದು ಮರ್ಯಾದೆಯಿಂದ ಕೇಳುವುದು, ಇವೇ ಪಾಠಗಳು. ಪಾಲಿಯ ದೀರ್ಘ ಹ್ರಸ್ವಗಳು ಇಲ್ಲಿ ಯಾರಿಗೂ ಬೇಡ. ನಾನು ಚೆನ್ನಾಗಿ ಕಲಿಸುತ್ತೇನೆ ಎಂದು ಹೆಸರಿದೆ.

ಕಳೆದ ತಿಂಗಳು ಹಿರೇನಲ್ಲೂರಿನ ಹುಡುಗಿಯೊಬ್ಬಳಿಗೆ ವೀಸಾ ಬಂತು. ಅವಳ ತಾಯಿ ಮೈಸೂರುಪಾಕಿನ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಉಸಿರು ಸುಧಾರಿಸಿಕೊಂಡು ಮೊದಲು ಕೇಳಿದ್ದು ಇಷ್ಟೇ: "ಅಲ್ಲಿ ಜನ ಹೆಂಗೆ ಮೇಡಂ? ಒಳ್ಳೇರಾ?"

"ಒಳ್ಳೇರು ಕಣಮ್ಮ" ಎಂದೆ. "ಯಾರೂ ಜೋರಾಗಿ ಒಂದ್ ಮಾತೂ ಆಡಲ್ಲ."

"ಅಷ್ಟ್ ಸಾಕು ಬಿಡಿ" ಎಂದು ಅವರು ಡಬ್ಬಿಯನ್ನು ನನ್ನ ಕೈಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ನೆಮ್ಮದಿಯಾಗಿ ಮೆಟ್ಟಿಲಿಳಿದು ಹೋದರು.