ತೊಳೆದ ಉಪ್ಪು

ದಿಲ್ಲಿಯ ಪೀತಮ್‌ಪುರದ ನಮ್ಮ ಎದುರುಮನೆಯಾಕೆ ಗುಲಾಬಿ ಬಣ್ಣದ ಉಪ್ಪು ತರಿಸಿದ ದಿನ ನನಗೆ ನಗು ತಡೆಯಲಾಗಲಿಲ್ಲ. ಉಪ್ಪಿಗೂ ಫ್ಯಾಷನ್ನು! "ಪ್ಯೂರ್ ಹೈ ಜೀ, ಹಿಮಾಲಯ ಕಾ" ಎಂದು ಗಾಜಿನ ಸೀಸೆ ತೋರಿಸಿದಳು. ಕರಾವಳಿಯಲ್ಲಿ ಉಪ್ಪಿನ ಆಗರದ ಪಕ್ಕದಲ್ಲೇ ಬೆಳೆದ ನನಗೆ ಉಪ್ಪಿನ ಪಾಠ ಹೇಳಲು ಬಂದಿದ್ದಳು.

ನಮ್ಮ ಮನೆಯಲ್ಲಿ ಕಲ್ಲುಪ್ಪು. ಅದೂ ಅಯೋಡಿನ್ ಸೇರಿಸಿದ್ದು. ಪ್ಯಾಕೆಟ್ ಓದಿಯೇ ತರುತ್ತಿದ್ದೆ. ಆದರೆ ದಿಲ್ಲಿಯ ಧೂಳನ್ನು ನಾನು ನಂಬುವವಳಲ್ಲ. ಅಮ್ಮ ಮಾಡುತ್ತಿದ್ದಂತೆ ಉಪ್ಪನ್ನು ಎರಡು ಸಲ ತೊಳೆದು, ಬಾಲ್ಕನಿಯ ಬಿಸಿಲಿಗೆ ಹರವಿ, ಒಣಗಿದ ಮೇಲೆ ಭರಣಿಗೆ ತುಂಬುತ್ತಿದ್ದೆ. ಸಿಂಕಿಗಿಳಿಯುವ ಕೊಳೆನೀರು ನೋಡಿದಾಗಲೆಲ್ಲ, ತೊಳೆಯದೆ ತಿನ್ನುವ ಅಕ್ಕಪಕ್ಕದವರನ್ನು ನೆನೆದು ಮೂಗು ಮುರಿಯುತ್ತಿದ್ದೆ.

ಆ ವರ್ಷ ಮಗಳು ಹನ್ನೆರಡನೇ ತರಗತಿ. ಪುಸ್ತಕದ ಮೇಲೆ ತೂಕಡಿಸುತ್ತಿದ್ದಳು, ಬೆಳಗ್ಗೆ ಎಬ್ಬಿಸಿದರೆ ಏಳುತ್ತಿರಲಿಲ್ಲ, ಏಪ್ರಿಲ್‌ನಲ್ಲೂ ಚಳಿ ಎಂದು ಹೊದ್ದುಕೊಳ್ಳುತ್ತಿದ್ದಳು. ಸೋಮಾರಿ ಎಂದೆ. ಒಂದು ದಿನವಲ್ಲ, ದಿನವೂ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವಳಪ್ಪ "ಒಮ್ಮೆ ಡಾಕ್ಟರಿಗೆ ತೋರಿಸೋಣ ಕಣೇ" ಎಂದರೆ, "ಸೋಮಾರಿತನಕ್ಕೂ ಮಾತ್ರೆ ಇದೆಯೇನ್ರೀ?" ಎಂದು ಅವರ ಬಾಯಿ ಮುಚ್ಚಿಸಿದ್ದೆ.

ಅವಳ ಕುತ್ತಿಗೆ ಊದಿರುವುದು ಕೊನೆಗೆ ಕಂಡದ್ದು ಆ ಗುಲಾಬಿ ಉಪ್ಪಿನವಳಿಗೆ. ದಿನವೂ ಜಡೆ ಹೆಣೆಯುವ ನನಗಲ್ಲ.

ರಕ್ತ ಪರೀಕ್ಷೆಯ ವರದಿ ನೋಡಿದ ಡಾಕ್ಟರಮ್ಮ, ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸಾಕಾಗಿಲ್ಲ ಎಂದರು. ಮನೆಯಲ್ಲಿ ಯಾವ ಉಪ್ಪು ಎಂದು ಕೇಳಿದರು. ಜಂಬದಿಂದಲೇ ಹೇಳಿದೆ, ತೊಳೆಯುವುದನ್ನೂ ಸೇರಿಸಿ. ಅವರು ಪೆನ್ನು ಕೆಳಗಿಟ್ಟರು. ಕಲ್ಲುಪ್ಪಿನ ಹರಳಿನ ಹೊರಮೈಗಷ್ಟೇ ಅಯೋಡಿನ್ ಅಂಟಿರುತ್ತದಂತೆ. ದೇಹಕ್ಕೆ ಬೇಕಾದದ್ದು ಚಿಟಿಕೆಗಿಂತಲೂ ಎಷ್ಟೋ ಕಡಿಮೆ. ಅಷ್ಟೂ ಸಿಗದಿದ್ದರೆ ಕುತ್ತಿಗೆ ಊದುತ್ತದೆ, ಮೈಮನಸ್ಸು ಮಂಕಾಗುತ್ತದೆ ಎಂದರು.

ಎಂಥ ಜಾಣೆ ನಾನು! ದುಡ್ಡು ಕೊಟ್ಟು ತಂದ ಅಯೋಡಿನ್ನನ್ನು ವರ್ಷಗಟ್ಟಲೆ ಸಿಂಕಿಗೆ ಸುರಿದು, ಉಳಿದ ಬರೀ ಉಪ್ಪನ್ನು ಹೆಮ್ಮೆಯಿಂದ ಬಡಿಸಿದ್ದೆ. ಎದುರುಮನೆಯ ಗುಲಾಬಿ ಉಪ್ಪಿನಲ್ಲೂ ಅಯೋಡಿನ್ ಇರಲಿಲ್ಲ. ಆದರೆ ಅವಳು ತನ್ನ ಮಕ್ಕಳನ್ನು ಬೈಯುವುದನ್ನು ನಾನು ಕೇಳಿರಲಿಲ್ಲ.

ಮನೆಗೆ ಬರುವಾಗ ಇ-ರಿಕ್ಷಾದಲ್ಲಿ ಮಗಳು ರಸ್ತೆ ನೋಡುತ್ತಾ ಕೇಳಿದಳು: "ಮತ್‌ಲಬ್, ಅಂದ್ರೆ ನಾನು ಲೇಜಿ ಅಲ್ಲ, ಅಲ್ವಾ ಅಮ್ಮ?"

"ಅಲ್ಲ ಪುಟ್ಟಾ."

"ಅಚ್ಛಾ," ಎಂದಳು. "ನೀನು ಹೇಳಿ ಹೇಳಿ, ನಾನೂ ನಂಬಿಬಿಟ್ಟಿದ್ದೆ."